ಕಾಯುವ ಹೊತ್ತಿನ ಸ್ಥಳಾಂತರ: ಹೆದ್ದಾರಿ ಇಂಟರ್‌ಚೇಂಜ್ ವಿನ್ಯಾಸದ ಒಂದು ಚರಿತ್ರೆ

ಎರಡು ರಸ್ತೆಗಳು ಒಂದೇ ಮಟ್ಟದಲ್ಲಿ ಅಡ್ಡಹಾಯುವ ಜಾಗದಲ್ಲಿ ಒಂದರ ವಾಹನಗಳು ಸಾಗಬೇಕಾದರೆ ಇನ್ನೊಂದರವು ನಿಲ್ಲಲೇಬೇಕು. ಪೊಲೀಸನ ಕೈಸನ್ನೆಯಾಗಲಿ, ಕೆಂಪು ಹಸಿರು ದೀಪಗಳಾಗಲಿ ಈ ನಿಲುಗಡೆಯನ್ನು ಸರದಿಯಂತೆ ಹಂಚಿಕೊಡುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಒಂದು ರಸ್ತೆಯನ್ನು ಸೇತುವೆಯ ಮೂಲಕ ಇನ್ನೊಂದರ ಮೇಲೆ ಹಾಯಿಸಿ, ಎರಡನ್ನೂ ಕೊಂಡಿಯಂತಹ ದಾರಿಗಳಿಂದ ಜೋಡಿಸಿದ ರಚನೆಯನ್ನು ಇಂಟರ್‌ಚೇಂಜ್ ಎಂದೂ ಆ ಕೊಂಡಿದಾರಿಗಳನ್ನು ರ‍್ಯಾಂಪ್‌ಗಳೆಂದೂ ಕರೆಯುತ್ತಾರೆ. ನಿಲ್ಲದೆ ದಾಟುವ, ನಿಲ್ಲದೆ ತಿರುಗುವ ರಸ್ತೆಯ ಕನಸಿನಿಂದ ಹುಟ್ಟಿದ ಈ ರಚನೆ 20ನೆಯ ಶತಮಾನದಲ್ಲಿ ಎಲೆಯ, ತುತ್ತೂರಿಯ, ವಜ್ರದ, ಅಟ್ಟಣಿಗೆಯ ಆಕಾರಗಳನ್ನು ತಾಳುತ್ತ ಹೋಯಿತು. ಆದರೆ ಈ ಆಕಾರಗಳಲ್ಲಿ ಯಾವುದೂ ಕಾಯುವ ಹೊತ್ತನ್ನು ಪೂರ್ತಿಯಾಗಿ ಅಳಿಸಿಹಾಕಲಿಲ್ಲ. ಪ್ರತಿಯೊಂದೂ ಅದನ್ನು ದೂರಕ್ಕೋ, ಭೂಮಿಗೋ, ಹಣಕ್ಕೋ, ಮತ್ತೊಂದು ದಿಕ್ಕಿನ ಪ್ರಯಾಣಿಕನ ಪಾಲಿಗೋ ಸರಿಸಿತು ಎಂಬುದನ್ನು ಅವುಗಳ ನೂರು ವರ್ಷಗಳ ಚರಿತ್ರೆ ತೋರಿಸಿಕೊಡುತ್ತದೆ.

ಈ ಚರಿತ್ರೆಯ ಕೇಂದ್ರದಲ್ಲಿರುವುದು ಒಂದು ತಿರುವು. ಕೂಡುರಸ್ತೆಗೆ ಬಂದ ವಾಹನ ನೇರವಾಗಿ ಹೋಗಬಹುದು, ತನ್ನ ಬದಿಗೇ ಹೊರಳಬಹುದು, ಇಲ್ಲವೇ ಎದುರಿನಿಂದ ಬರುವ ಹರಿವನ್ನು ಕತ್ತರಿಸಿಕೊಂಡು ಆಚೆ ಬದಿಗೆ ತಿರುಗಬಹುದು. ಮೂರನೆಯದು ಭಾರತದಂತೆ ಎಡಗಡೆಯಲ್ಲಿ ವಾಹನ ನಡೆಸುವ ದೇಶಗಳಲ್ಲಿ ಬಲತಿರುವು, ಬಲಗಡೆಯಲ್ಲಿ ನಡೆಸುವ ಅಮೆರಿಕ ಮತ್ತು ಯುರೋಪಿನ ಬಹುತೇಕ ದೇಶಗಳಲ್ಲಿ ಎಡತಿರುವು. ಎರಡಕ್ಕೂ ಸಲ್ಲುವಂತೆ ಇದನ್ನು ಇಲ್ಲಿ ಅಡ್ಡತಿರುವು ಎಂದು ಕರೆಯಬಹುದು. ನಾಲ್ಕು ಕಡೆಯಿಂದಲೂ ಎರಡು ದಿಕ್ಕಿನ ಸಂಚಾರವಿರುವ ಸಾಮಾನ್ಯ ಕೂಡುರಸ್ತೆಯೊಂದರಲ್ಲಿ ವಾಹನಗಳ ಹಾದಿಗಳು ಒಂದನ್ನೊಂದು ಸಂಧಿಸುವ ಬಿಂದುಗಳು 32 ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ: 8 ಕಡೆ ಹಾದಿಗಳು ಕವಲೊಡೆಯುತ್ತವೆ, 8 ಕಡೆ ಕೂಡಿಕೊಳ್ಳುತ್ತವೆ, 16 ಕಡೆ ಕತ್ತರಿಸುತ್ತವೆ. ಕತ್ತರಿಸುವ ಆ 16 ಬಿಂದುಗಳಲ್ಲಿ 4 ಮಾತ್ರ ನೇರ ಸಾಗುವ ಹರಿವುಗಳು ತಮ್ಮತಮ್ಮಲ್ಲಿ ಉಂಟುಮಾಡುವಂಥವು. ಉಳಿದ 12ರಲ್ಲಿಯೂ ಅಡ್ಡತಿರುವಿನ ಕೈವಾಡವಿದೆ. ಸೇತುವೆ ಕಟ್ಟಿದರೆ ನೇರ ಹರಿವುಗಳ ಘರ್ಷಣೆ ತಪ್ಪುತ್ತದೆ. ಅಡ್ಡತಿರುವನ್ನು ಏನು ಮಾಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಮಟ್ಟಗಳನ್ನು ಬೇರ್ಪಡಿಸುವ ಉಪಾಯ ಮೋಟಾರು ವಾಹನಕ್ಕಿಂತ ಹಳೆಯದು. ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ 1858ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗಾಗಿ ರೂಪಿಸಿದ ಯೋಜನೆಯಲ್ಲಿ ನಗರದ ಗಾಡಿಗಳು ಉದ್ಯಾನವನ್ನು ಅಡ್ಡ ದಾಟುವ ನಾಲ್ಕು ರಸ್ತೆಗಳನ್ನು ನೆಲದ ಮಟ್ಟಕ್ಕಿಂತ ಕೆಳಗೆ ತಗ್ಗಿಸಿ, ವಿಹಾರಕ್ಕೆ ಬಂದವರ ಹಾದಿಗಳನ್ನು ಅವುಗಳ ಮೇಲೆ ಸೇತುವೆಗಳಲ್ಲಿ ಹಾಯಿಸಿದ್ದರು. ಅಲ್ಲಿ ಎರಡು ಬಗೆಯ ಸಂಚಾರ ಪರಸ್ಪರ ಬೆರೆಯಬಾರದೆಂಬುದೇ ಉದ್ದೇಶವಾಗಿದ್ದುದರಿಂದ ಒಂದರಿಂದ ಇನ್ನೊಂದಕ್ಕೆ ತಿರುಗುವ ಮಾತು ಬರಲಿಲ್ಲ. ಪ್ಯಾರಿಸ್ಸಿನ ವಾಸ್ತುಶಿಲ್ಪಿ ಯೂಜೀನ್ ಎನಾರ್ 1906ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಿರುಗುವಿಕೆಯ ಈ ಪ್ರಶ್ನೆಯನ್ನೂ ಎತ್ತಿಕೊಂಡು ಎರಡು ಬಗೆಯ ಪರಿಹಾರಗಳನ್ನು ಮುಂದಿಟ್ಟನು: ಒಂದು, ವಾಹನಗಳೆಲ್ಲ ಒಂದೇ ದಿಕ್ಕಿನಲ್ಲಿ ಪ್ರದಕ್ಷಿಣೆ ಬರುವ ವೃತ್ತ, ಇನ್ನೊಂದು, ರಸ್ತೆಗಳನ್ನು ಒಂದರ ಮೇಲೊಂದು ಹಾಯಿಸಿದ ಬಹುಮಟ್ಟದ ಕೂಡುದಾರಿ. ಮೊದಲನೆಯದು ಅಗ್ಗವಾದುದರಿಂದ ಬೇಗನೆ ಜಾರಿಗೆ ಬಂದಿತು. 1907ರಲ್ಲಿಯೇ ಪ್ಯಾರಿಸ್ಸಿನ ಎತ್ವಾಲ್ ಚೌಕದಲ್ಲಿ ವಾಹನಗಳು ಸುತ್ತುವರಿದು ಸಾಗತೊಡಗಿದವು. ಎರಡನೆಯದು ಕಾಗದದ ಮೇಲೆಯೇ ಉಳಿದು ಅಮೆರಿಕದ ಮೋಟಾರು ಯುಗಕ್ಕಾಗಿ ಕಾಯಬೇಕಾಯಿತು.

ಮೇರಿಲ್ಯಾಂಡ್ ರಾಜ್ಯದ ಸಿವಿಲ್ ಎಂಜಿನಿಯರ್ ಆರ್ಥರ್ ಹೇಲ್ 1916ರ ಫೆಬ್ರವರಿ 29ರಂದು ಪಡೆದ ಪೇಟೆಂಟಿನಲ್ಲಿ ಅಡ್ಡತಿರುವಿಗೆ ಒಂದು ಜಾಣ ಉತ್ತರವಿತ್ತು. ಎಡಕ್ಕೆ ಹೋಗಬೇಕಾದ ವಾಹನ ಎಡಕ್ಕೆ ತಿರುಗುವುದೇ ಬೇಡ. ಅದು ಮೊದಲು ಸೇತುವೆಯನ್ನು ನೇರವಾಗಿ ದಾಟಲಿ, ದಾಟಿದ ಮೇಲೆ ಬಲಕ್ಕೆ ಹೊರಳಿ, ಮುಕ್ಕಾಲು ವೃತ್ತದಷ್ಟು ಎಂದರೆ 270 ಅಂಶ ಬಲಕ್ಕೇ ಸುತ್ತಿ, ಬೇಕಾದ ರಸ್ತೆಯನ್ನು ಬದಿಯಿಂದ ಸೇರಿಕೊಳ್ಳಲಿ ಎಂಬುದು ಅದರ ತಿರುಳು. ಹೀಗೆ ಸುತ್ತುವ ಕುಣಿಕೆಯಂತಹ ದಾರಿಗಳು ನಾಲ್ಕು, ಸುಲಭದ ತಿರುವಿಗೆ ಹೊರಗಿನ ರ‍್ಯಾಂಪ್‌ಗಳು ನಾಲ್ಕು. ಆಕಾಶದಿಂದ ನೋಡಿದರೆ ನಡುವೆ ಶಿಲುಬೆ, ಸುತ್ತ ನಾಲ್ಕು ದಳ. ಯುರೋಪು ಮತ್ತು ಅಮೆರಿಕಗಳಲ್ಲಿ ಮೇವಿಗಾಗಿ ಬೆಳೆಯುವ ಕ್ಲೋವರ್ ಗಿಡದಲ್ಲಿ ಅಪರೂಪಕ್ಕೆ ಕಾಣಸಿಗುವ ನಾಲ್ಕು ದಳದ ಎಲೆಯನ್ನು ಹೋಲುವುದರಿಂದ ಇದಕ್ಕೆ ಕ್ಲೋವರ್‌ಲೀಫ್ ಎಂಬ ಹೆಸರು ನಿಂತಿತು; ನಮ್ಮ ಗದ್ದೆಗಳ ನೀರಿನಲ್ಲಿ ತೇಲುವ ನಾಲ್ಕೆಲೆಯ ಸೊಪ್ಪನ್ನು ಬಲ್ಲವರಿಗೆ ಈ ಆಕಾರ ಹೊಸದಲ್ಲ. ಈ ವಿನ್ಯಾಸದ ಹೆಗ್ಗಳಿಕೆ ಎಂದರೆ ಒಂದೇ ಸೇತುವೆಯಿಂದ ಕತ್ತರಿಸುವ ಬಿಂದುಗಳೆಲ್ಲವನ್ನೂ ಅದು ನಿವಾರಿಸಿಬಿಟ್ಟಿತು; ಉಳಿದುದು ಕವಲೊಡೆಯುವ ಮತ್ತು ಕೂಡಿಕೊಳ್ಳುವ ಬಿಂದುಗಳು ಮಾತ್ರ.

ಪೇಟೆಂಟು ಕಟ್ಟಡವಾಗಲು 13 ವರ್ಷ ಹಿಡಿಯಿತು, ಮತ್ತು ಅದು ಕಟ್ಟಡವಾದದ್ದು ನ್ಯೂಜೆರ್ಸಿಯಲ್ಲಿ ಎಂಬುದು ಆಕಸ್ಮಿಕವಲ್ಲ. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯ ಮಹಾನಗರಗಳ ನಡುವೆ ಸಿಕ್ಕಿಕೊಂಡಿರುವ ಈ ಚಿಕ್ಕ ರಾಜ್ಯದಲ್ಲಿ ಇತರರ ಪ್ರಯಾಣದ ಭಾರವೆಲ್ಲ ಬಂದು ಬೀಳುತ್ತಿತ್ತು. 1927ರ ನವೆಂಬರಿನಲ್ಲಿ ಹಡ್ಸನ್ ನದಿಯಡಿಯ ಹಾಲೆಂಡ್ ಸುರಂಗ ತೆರೆದುಕೊಂಡ ಮೇಲೆ ಮ್ಯಾನ್‌ಹಟನ್ನಿನ ಕಾರುಗಳು ದೋಣಿಗೆ ಕಾಯದೆ ನೇರವಾಗಿ ಅಲ್ಲಿನ ರಸ್ತೆಗಳಿಗೆ ಇಳಿಯತೊಡಗಿದವು. ರಾಜ್ಯದ ಎಂಜಿನಿಯರುಗಳು ಅದಕ್ಕೂ ಮೊದಲೇ, 1925ರಲ್ಲಿ, ಕ್ಯಾಮ್ಡನ್ ನಗರದ ಬಳಿಯ ಪೆನ್ಸಾಕನ್‌ನಲ್ಲಿ ದೊಡ್ಡದೊಂದು ಸಂಚಾರ ವೃತ್ತವನ್ನು ಕಟ್ಟಿ ನೋಡಿದ್ದರು. ವುಡ್‌ಬ್ರಿಜ್ ಎಂಬಲ್ಲಿ ಆಗ 25 ಮತ್ತು 4 ಎಂಬ ಅಂಕಿಗಳಿಂದ ಗುರುತಿಸಲಾಗುತ್ತಿದ್ದ ಎರಡು ರಾಜ್ಯ ಹೆದ್ದಾರಿಗಳು ಸಂಧಿಸುವ ಜಾಗದಲ್ಲಿ 1929ರಲ್ಲಿ ಅಮೆರಿಕದ ಮೊದಲ ಕ್ಲೋವರ್‌ಲೀಫ್ ಸಿದ್ಧವಾಯಿತು. ಫಿಲಡೆಲ್ಫಿಯದ ಸಂಸ್ಥೆಯೊಂದರ ಎಂಜಿನಿಯರ್ ಎಡ್ವರ್ಡ್ ಡೆಲಾನೊ ಅರ್ಜೆಂಟೀನದ ಒಂದು ಪತ್ರಿಕೆಯ ಮುಖಪುಟದಲ್ಲಿದ್ದ ಚಿತ್ರವನ್ನು ಕಂಡು ಇದರ ನಕ್ಷೆ ಹೂಡಿದನೆಂಬ ವೃತ್ತಾಂತವಿದೆ. ಹೇಲ್‌ನ ಪೇಟೆಂಟಿನ ಪ್ರಭಾವ ಇಲ್ಲಿ ಎಷ್ಟಿದ್ದರೂ, ಒಂದೇ ಕಾಲದ ಒಂದೇ ಒತ್ತಡ ಹಲವು ಕಡೆಗಳಲ್ಲಿ ಒಂದೇ ಆಕಾರವನ್ನು ಹುಟ್ಟಿಸುವುದು ತಂತ್ರಜ್ಞಾನದ ಚರಿತ್ರೆಯಲ್ಲಿ ಅಪರೂಪವೇನಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ನಾಲ್ಕೆಲೆಯ ಈ ಆಕಾರ ಆಧುನಿಕತೆಯ ಲಾಂಛನದಂತೆ ಹರಡಿತು. ಸ್ಟಾಕ್‌ಹೋಮಿನ ಸ್ಲುಸ್ಸನ್‌ನಲ್ಲಿ 1935ರಲ್ಲಿ, ಜರ್ಮನಿಯ ಲೈಪ್‌ಸಿಗ್ ಬಳಿ ಎರಡು ಆಟೊಬಾನ್ ಹೆದ್ದಾರಿಗಳು ಸೇರುವ ಷ್ಕಾಯ್‌ಡಿಟ್ಸ್‌ನಲ್ಲಿ 1936ರಲ್ಲಿ, ಕೆನಡಾದ ಒಂಟಾರಿಯೊದ ಪೋರ್ಟ್ ಕ್ರೆಡಿಟ್‌ನಲ್ಲಿ 1937ರಲ್ಲಿ ಕ್ಲೋವರ್‌ಲೀಫ್‌ಗಳು ತಲೆಯೆತ್ತಿದವು. ಇವುಗಳಲ್ಲಿ ಸ್ಲುಸ್ಸನ್ನಿನದು ವಿಶೇಷವಾಗಿ ಗಮನಾರ್ಹ. ಅದು ಕಟ್ಟಲ್ಪಟ್ಟಾಗ ಸ್ವೀಡನ್ನಿನಲ್ಲಿ ಭಾರತದಂತೆಯೇ ಎಡಬದಿಯ ಸಂಚಾರವಿತ್ತು. 1967ರ ಸೆಪ್ಟೆಂಬರ್ 3ರಂದು ಇಡೀ ದೇಶ ಬಲಬದಿಗೆ ಬದಲಾಯಿಸಿಕೊಂಡಾಗಲೂ ಆ ಕೂಡುದಾರಿ ಉಪಯೋಗದಲ್ಲಿಯೇ ಉಳಿಯಿತು. ನಾಲ್ಕೂ ದಳಗಳು ಸಮನಾಗಿರುವ ಆಕಾರ ಕನ್ನಡಿಯಲ್ಲಿ ನೋಡಿದರೂ ಅದೇ ಆಕಾರವಾಗಿರುವುದರಿಂದ ವಾಹನಗಳು ಅವೇ ಕುಣಿಕೆಗಳಲ್ಲಿ ಹಿಂದುಮುಂದಾಗಿ ಓಡಿದರೆ ಸಾಕಾಗಿತ್ತು.

ಸಮಾನತೆಯೇ ಕ್ಲೋವರ್‌ಲೀಫ್‌ನ ಸೊಗಸು. ಅದರ ಬೆಲೆ ಅಡಗಿದ್ದುದು ಕುಣಿಕೆಯ ಜ್ಯಾಮಿತಿಯಲ್ಲಿ. ತಿರುವಿನಲ್ಲಿ ಓಡುವ ವಾಹನವನ್ನು ಹೊರಕ್ಕೆ ಎಸೆಯುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಯಾದ್ದರಿಂದ ವೇಗ ಎರಡು ಪಟ್ಟಾದರೆ ತಿರುವಿನ ತ್ರಿಜ್ಯ ಸ್ಥೂಲವಾಗಿ ನಾಲ್ಕು ಪಟ್ಟಾಗಬೇಕು, ಅದು ಸುತ್ತುವರಿಯುವ ನೆಲ 16 ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗಕ್ಕೆ ಹೊಂದುವ ಸುಮಾರು 46 ಮೀಟರ್ ತ್ರಿಜ್ಯದ ಕುಣಿಕೆಯ ಉದ್ದ 217 ಮೀಟರ್ ಆಗುತ್ತದೆ, ಅದನ್ನು ಸುತ್ತಲು 20 ಸೆಕೆಂಡು ಬೇಕಾಗುತ್ತದೆ. ವಾಹನಗಳು 80 ಕಿಲೋಮೀಟರ್ ವೇಗದಲ್ಲಿ ಸುತ್ತಲೆಂದು ಕುಣಿಕೆಯನ್ನು ಹಿಗ್ಗಿಸಿದರೆ ದೂರ ನಾಲ್ಕು ಪಟ್ಟಾಗಿ, ವೇಗ ಎರಡೇ ಪಟ್ಟಾಗಿ, ಸುತ್ತುವ ಹೊತ್ತು 39 ಸೆಕೆಂಡಿಗೆ ಏರುತ್ತದೆ. ಎಂದರೆ ಕುಣಿಕೆಯಲ್ಲಿ ವೇಗ ಹೆಚ್ಚಿಸಿದಷ್ಟೂ ಪ್ರಯಾಣಿಕ ತಡವಾಗಿ ತಲುಪುತ್ತಾನೆ! ಆದುದರಿಂದ ಎಂಜಿನಿಯರುಗಳು ಕುಣಿಕೆಗಳನ್ನು ಚಿಕ್ಕದಾಗಿಯೇ ಇರಿಸಿದರು, ಹೆದ್ದಾರಿಯಲ್ಲಿ ವೇಗವಾಗಿ ಬಂದ ಚಾಲಕರು ಅಲ್ಲಿ ಥಟ್ಟನೆ ವೇಗ ತಗ್ಗಿಸಬೇಕಾಯಿತು. ಸಿಗ್ನಲ್ಲಿನ ಬಳಿ ನಿಂತು ಕಾಯುತ್ತಿದ್ದ ಹೊತ್ತು ಇಲ್ಲಿ ಸುತ್ತುವ ಹೊತ್ತಾಗಿ ಮಾರ್ಪಟ್ಟಿತು.

ಇದಕ್ಕಿಂತ ದೊಡ್ಡ ದೋಷ ಎರಡು ಕುಣಿಕೆಗಳ ನಡುವೆ ಇತ್ತು. ಸೇತುವೆಯ ಒಂದು ಬದಿಯಲ್ಲಿ ಒಂದು ಕುಣಿಕೆಯಿಂದ ನಿಧಾನವಾಗಿ ಬಂದ ವಾಹನಗಳು ಹೆದ್ದಾರಿಯನ್ನು ಸೇರುತ್ತವೆ. ಅಲ್ಲಿಂದ ಕೇವಲ ಒಂದೆರಡು ನೂರು ಮೀಟರ್ ಮುಂದೆ ಇನ್ನೊಂದು ಕುಣಿಕೆ ಬಾಯ್ದೆರೆದಿರುತ್ತದೆ, ಅದನ್ನು ಹಿಡಿಯಬೇಕಾದ ವಾಹನಗಳು ಹೆದ್ದಾರಿಯಿಂದ ಅದೇ ಅಂಚಿಗೆ ಸರಿಯುತ್ತಿರುತ್ತವೆ. ಒಳಬರುವವರು ಹೊರಹೋಗುವವರ ಹಾದಿಯನ್ನು ಇಷ್ಟು ಗಿಡ್ಡ ಜಾಗದಲ್ಲಿ ಮಗ್ಗದ ಹಾಸುಹೊಕ್ಕಿನ ನೂಲುಗಳಂತೆ ದಾಟಬೇಕಾಗುತ್ತದೆ. ಇದನ್ನು ಎಂಜಿನಿಯರಿಂಗ್ ಭಾಷೆಯಲ್ಲಿ ಹೆಣಿಗೆ ಎಂಬ ಅರ್ಥದ ವೀವಿಂಗ್ ಎಂಬ ಮಾತಿನಿಂದ ಸೂಚಿಸುತ್ತಾರೆ. ವಾಹನಗಳು ವಿರಳವಾಗಿದ್ದಾಗ ಹೆಣಿಗೆ ಯಾರಿಗೂ ತಿಳಿಯದಂತೆ ನಡೆದುಹೋಗುತ್ತದೆ. ಆದರೆ ಅಕ್ಕಪಕ್ಕದ ಎರಡು ಕುಣಿಕೆಗಳ ವಾಹನಗಳ ಮೊತ್ತ ಗಂಟೆಗೆ 1000ವನ್ನು ಸಮೀಪಿಸಿತೆಂದರೆ ಪರಸ್ಪರ ಅಡಚಣೆ ತೀವ್ರವಾಗಿ ಏರಿ, ನೇರ ಸಾಗುವವರ ವೇಗವೂ ಕುಸಿಯುತ್ತದೆ ಎಂದು ಅಮೆರಿಕದ ವಿನ್ಯಾಸ ಕೈಪಿಡಿಗಳು ಎಚ್ಚರಿಸುತ್ತವೆ. ಕತ್ತರಿಸುವ ಬಿಂದುಗಳನ್ನು ಕಿತ್ತೊಗೆದ ವಿನ್ಯಾಸದಲ್ಲಿ ಹೀಗೆ ಕೂಡುವ ಮತ್ತು ಅಗಲುವ ಬಿಂದುಗಳು ಒಂದರ ಪಕ್ಕ ಒಂದು ಬಂದು ಹೊಸ ಗಂಟನ್ನು ಹಾಕಿದವು. ಹಳೆಯ ಸಂಚಾರ ವೃತ್ತಗಳನ್ನು ಕಟ್ಟಿಹಾಕಿದ್ದೂ ಇಂತಹ ಗಂಟೇ. ಒಳಬರುವವರು ವೃತ್ತದೊಳಗಿರುವವರಿಗೆ ದಾರಿ ಬಿಡಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 1966ರಲ್ಲಿ ಜಾರಿಯಾಗುವ ತನಕ ವೃತ್ತಗಳು ತುಂಬಿದಾಗ ಒಳಗೂ ಹೊರಗೂ ಚಲನೆಯಿಲ್ಲದೆ ಬಿಗಿದುಕೊಳ್ಳುತ್ತಿದ್ದವು.

ದೋಷವನ್ನು ಕಾಣುವುದಕ್ಕೂ ಅಳೆಯುವುದಕ್ಕೂ ಅಂತರವಿದೆ. ಅಮೆರಿಕದ ಬ್ರೂಸ್ ಗ್ರೀನ್‌ಶೀಲ್ಡ್ಸ್ 1930ರ ದಶಕದ ಮೊದಲ ಭಾಗದಲ್ಲಿ ಒಹಾಯೊ ರಾಜ್ಯದ ರಸ್ತೆಗಳಲ್ಲಿ ಕ್ಯಾಮೆರಾ ಹೂಡಿ ಹಾದುಹೋಗುವ ವಾಹನಗಳ ಚಿತ್ರಗಳನ್ನು ತೆಗೆದು, ಅವುಗಳ ವೇಗವನ್ನೂ ನಡುವಿನ ಅಂತರವನ್ನೂ ಲೆಕ್ಕಹಾಕಿದನು. 1935ರಲ್ಲಿ ಪ್ರಕಟವಾದ ಅವನ ಫಲಿತಾಂಶದ ಪ್ರಕಾರ ಒಂದು ಕಿಲೋಮೀಟರ್ ಉದ್ದದಲ್ಲಿರುವ ವಾಹನಗಳ ಸಂಖ್ಯೆ, ಎಂದರೆ ಸಾಂದ್ರತೆ, ಹೆಚ್ಚಿದಂತೆ ವೇಗ ಸರಳರೇಖೆಯಲ್ಲಿ ಇಳಿಯುತ್ತದೆ. ಒಂದು ಗಂಟೆಯಲ್ಲಿ ಹಾದುಹೋಗುವ ವಾಹನಗಳ ಸಂಖ್ಯೆಗೆ ಹರಿವು ಎಂದು ಹೆಸರು. ಅದು ವೇಗ ಮತ್ತು ಸಾಂದ್ರತೆಗಳ ಗುಣಲಬ್ಧ. ಆದುದರಿಂದ ರಸ್ತೆ ಖಾಲಿಯಿದ್ದಾಗಲೂ ಹರಿವು ಸೊನ್ನೆ, ಕಿಕ್ಕಿರಿದು ನಿಂತಾಗಲೂ ಸೊನ್ನೆ. ಇವೆರಡರ ನಡುವಿನ ಒಂದು ಬಿಂದುವಿನಲ್ಲಿ ಅದು ಗರಿಷ್ಠ. ಆ ಬಿಂದುವನ್ನು ಮೀರಿದ ರಸ್ತೆಗೆ ಹೆಚ್ಚು ವಾಹನಗಳನ್ನು ತುಂಬಿದಷ್ಟೂ ಅದರಿಂದ ಹೊರಬೀಳುವ ವಾಹನಗಳು ಕಡಿಮೆಯಾಗುತ್ತವೆ. ತುಂಬಿದ ಹೆದ್ದಾರಿಯ ಒಂದು ಪಥದಲ್ಲಿ ಹೆಣಿಗೆಯಿಂದ ಉಂಟಾಗುವ ಚಿಕ್ಕ ತಡೆ ಇಡೀ ರಸ್ತೆಯನ್ನು ಈ ಮಿತಿಯಾಚೆಗೆ ತಳ್ಳಿಬಿಡುತ್ತದೆ ಎಂಬುದು ಕ್ಲೋವರ್‌ಲೀಫ್‌ನ ಸೋಲನ್ನು ಅರಿಯಲು ಬೇಕಾದ ಕೀಲಿಕೈ.

1950ರಲ್ಲಿ ಅಮೆರಿಕದಲ್ಲಿ ಹೊರಬಂದ ಹೆದ್ದಾರಿ ಸಾಮರ್ಥ್ಯದ ಮೊದಲ ಕೈಪಿಡಿ ಹೆಣಿಗೆಯನ್ನೂ ರ‍್ಯಾಂಪ್‌ಗಳನ್ನೂ ಲೆಕ್ಕಕ್ಕೆ ಒಳಪಡಿಸಿತು. 1965ರ ಪರಿಷ್ಕರಣವು ಪ್ರಯಾಣದ ಗುಣಮಟ್ಟವನ್ನು ಎ ಯಿಂದ ಎಫ್ ವರೆಗಿನ ಆರು ದರ್ಜೆಗಳಲ್ಲಿ ವಿಂಗಡಿಸಿತು, 1985ರ ಪರಿಷ್ಕರಣವು ಸಿಗ್ನಲ್ ಇರುವ ಕೂಡುರಸ್ತೆಗಳ ದರ್ಜೆಯನ್ನು ವಾಹನವೊಂದಕ್ಕೆ ಆಗುವ ಸರಾಸರಿ ವಿಳಂಬದ ಆಧಾರದಿಂದ ನಿರ್ಧರಿಸತೊಡಗಿತು. ವಿಳಂಬ ಎಂದರೆ ತಡೆಯಿಲ್ಲದೆ ಸಾಗಿದ್ದರೆ ಬೇಕಾಗುತ್ತಿದ್ದ ಕಾಲಕ್ಕಿಂತ ಹೆಚ್ಚಾಗಿ ವ್ಯಯವಾದ ಕಾಲ. ನಡುವೆ 1958ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಎಫ್. ವಿ. ವೆಬ್‌ಸ್ಟರ್ ಸಿಗ್ನಲ್ಲಿನ ಬಳಿ ಆಗುವ ವಿಳಂಬಕ್ಕೂ ಅದನ್ನು ಕನಿಷ್ಠಗೊಳಿಸುವ ದೀಪಗಳ ಸುತ್ತಿಗೂ ಸೂತ್ರಗಳನ್ನು ಕೊಟ್ಟಿದ್ದನು. ನಿಲ್ಲದ ರಸ್ತೆಯ ಕನಸಿನಲ್ಲಿ ಸಿಗ್ನಲ್ಲು ಸೋಲಿನ ಗುರುತಾಗಿತ್ತು. ಅಳತೆಯ ಶಾಸ್ತ್ರ ಬೆಳೆದಂತೆ ಅದೂ ಹಲವು ಉಪಕರಣಗಳಲ್ಲಿ ಒಂದಾಯಿತು.

ಅಳತೆಯ ಈ ಶಾಸ್ತ್ರ ರೂಪುಗೊಳ್ಳುತ್ತಿದ್ದ ವರ್ಷಗಳಲ್ಲಿಯೇ ಕ್ಯಾಲಿಫೋರ್ನಿಯದ ಎಂಜಿನಿಯರುಗಳು ಕುಣಿಕೆಯನ್ನು ಬಿಟ್ಟು ಎತ್ತರಕ್ಕೆ ಏರಿದ್ದರು. ಲಾಸ್ ಏಂಜಲೀಸ್ ನಗರದ ಹೃದಯಕ್ಕೆ ಹತ್ತಿರ ಎರಡು ಫ್ರೀವೇಗಳು, ಎಂದರೆ ಸಿಗ್ನಲ್ಲಿಲ್ಲದ ಹೆದ್ದಾರಿಗಳು, ಸೇರುವ ಜಾಗದಲ್ಲಿ ಕ್ಲೋವರ್‌ಲೀಫ್ ಹರಡಲು ಬೇಕಾದಷ್ಟು ನೆಲವಿರಲಿಲ್ಲ. ಅಲ್ಲಿ ನೇರ ರಸ್ತೆಗಳಿಗೆ ಎರಡು ಮಟ್ಟ, ಅಡ್ಡತಿರುವಿನ ರ‍್ಯಾಂಪ್‌ಗಳಿಗೆ ಮತ್ತೆರಡು ಮಟ್ಟ ಎಂದು ನಾಲ್ಕು ಅಂತಸ್ತುಗಳ ಕೂಡುದಾರಿ 1949ರಲ್ಲಿ ಕಟ್ಟಿ ಮುಗಿಯಿತು, ಜೋಡುವ ಫ್ರೀವೇಗಳು ಸಿದ್ಧವಾಗಿ 1953ರಲ್ಲಿ ಪೂರ್ಣ ಬಳಕೆಗೆ ಬಂದಿತು. ಜಗತ್ತಿನ ಈ ಮೊದಲ ಅಟ್ಟಣಿಗೆ ಮಾದರಿಯ ಇಂಟರ್‌ಚೇಂಜಿನಲ್ಲಿ ಎಡಕ್ಕೆ ಹೋಗಬೇಕಾದವನು ಬಲಬದಿಯಿಂದ ಕವಲೊಡೆದರೂ ಮುಕ್ಕಾಲು ವೃತ್ತ ಸುತ್ತದೆ, ನೀಳವಾದ ಬಾಗಿನಲ್ಲಿ ಎಡಕ್ಕೇ ಸಾಗುತ್ತಾನೆ. ಹೊರಹೋಗುವವರು ಒಳಬರುವವರಿಗಿಂತ ಮೊದಲೇ ಬೇರ್ಪಡುವುದರಿಂದ ಹೆಣಿಗೆಯ ಗಂಟು ಬೀಳುವುದಿಲ್ಲ. ಕುಣಿಕೆಯ ಸುತ್ತಿನಲ್ಲಿ ಕಳೆಯುತ್ತಿದ್ದ ಹೊತ್ತು ಇಲ್ಲಿ ಉಕ್ಕು ಮತ್ತು ಕಾಂಕ್ರೀಟಿನ ವೆಚ್ಚವಾಗಿ ಸಾರ್ವಜನಿಕ ಬೊಕ್ಕಸದ ಲೆಕ್ಕಕ್ಕೆ ಸೇರಿತು.

ಆದುದರಿಂದ ಅಟ್ಟಣಿಗೆ ಎಲ್ಲೆಡೆಗೂ ಸಲ್ಲುವ ಮದ್ದಾಗಲಿಲ್ಲ. ಸುಂಕದ ರಸ್ತೆಗಳಲ್ಲಿ ಬೇರೊಂದು ಆಕಾರ ನೆಲೆಯೂರಿತು. 1940ರ ಅಕ್ಟೋಬರ್ 1ರಂದು ತೆರೆದ ಪೆನ್ಸಿಲ್ವೇನಿಯ ಟರ್ನ್‌ಪೈಕ್‌ನಲ್ಲಿ ಒಳಹೊರಗಿನ ರ‍್ಯಾಂಪ್‌ಗಳನ್ನೆಲ್ಲ ಒಂದೇ ಕಡೆ ಕಲೆಹಾಕಿ ಒಂದೇ ಸುಂಕದ ಕಟ್ಟೆಯ ಮುಂದೆ ಹಾಯಿಸಲು ಒಂದು ಕುಣಿಕೆಯ ತುತ್ತೂರಿ ಮಾದರಿ ಅನುಕೂಲವಾಯಿತು. ಇಲ್ಲಿ ಆಕಾರವನ್ನು ನಿರ್ಧರಿಸಿದ್ದು ವಾಹನದ ಹರಿವಿಗಿಂತ ಹಣದ ಹರಿವು. 1956ರಲ್ಲಿ ಅಮೆರಿಕದ ಸಂಸತ್ತು 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಹಣ ಒದಗಿಸುವ ಕಾಯಿದೆಯನ್ನು ಅಂಗೀಕರಿಸಿದ ಮೇಲೆ ಈ ಎಲ್ಲ ಮಾದರಿಗಳೂ ದೇಶದ ಉದ್ದಗಲಕ್ಕೆ ನಕಲಾದವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1972ರ ಮೇ ತಿಂಗಳಲ್ಲಿ ತೆರೆದ ಗ್ರಾವೆಲಿ ಹಿಲ್ ಕೂಡುದಾರಿಯಂತೂ ಮೋಟಾರು ರಸ್ತೆ, ಸ್ಥಳೀಯ ರಸ್ತೆ, ರೈಲು ಹಳಿ, ಕಾಲುವೆಗಳ ಮೇಲೆ ಹರಡಿಕೊಂಡ ಬಗೆಯನ್ನು ಅದರ ನಕ್ಷೆಯಲ್ಲಿ ಕಂಡ ಸ್ಥಳೀಯ ಪತ್ರಿಕೆಯೊಂದು ಅದನ್ನು ಇಟಲಿಯ ಶಾವಿಗೆಯ ತಟ್ಟೆಗೆ ಹೋಲಿಸಿತ್ತು. ಆ ಹೋಲಿಕೆಯಿಂದ ಕಟ್ಟುವ ಮೊದಲೇ ಅಂಟಿದ ಅಡ್ಡಹೆಸರು ಇಂದಿಗೂ ಅಳಿದಿಲ್ಲ.

ಅತ್ತ ಕ್ಲೋವರ್‌ಲೀಫ್‌ಗೆ ರಿಪೇರಿಯ ಕಾಲ ಬಂದಿತು. ಒಂದು ಕ್ರಮ, ಹೆಣಿಗೆಯನ್ನು ಮುಖ್ಯ ಹೆದ್ದಾರಿಯಿಂದ ತೆಗೆದು ಪಕ್ಕದಲ್ಲಿ ಸಮಾನಾಂತರವಾಗಿ ಸಾಗುವ, ತಡೆಗೋಡೆಯಿಂದ ಬೇರ್ಪಟ್ಟ ಸಂಗ್ರಾಹಕ ದಾರಿಗೆ ವರ್ಗಾಯಿಸುವುದು. ಗಂಟು ಬಿಚ್ಚುವುದಿಲ್ಲ, ಆದರೆ ದೂರ ಪ್ರಯಾಣಿಕರ ದಾರಿಯಿಂದ ಆಚೆ ಸರಿಯುತ್ತದೆ. ಇನ್ನೊಂದು ಕ್ರಮ, ನಾಲ್ಕು ದಳಗಳಲ್ಲಿ ಎರಡನ್ನು ಕತ್ತರಿಸಿಹಾಕುವುದು. ಕರ್ಣರೇಖೆಯಂತೆ ಎದುರುಬದುರಿನ ಎರಡೇ ಕುಣಿಕೆಗಳನ್ನು ಉಳಿಸಿಕೊಂಡರೆ ಒಂದರ ಬೆನ್ನಿಗೆ ಇನ್ನೊಂದು ಬರುವುದು ತಪ್ಪಿ, ಹೆಣಿಗೆಯೇ ಇಲ್ಲವಾಗುತ್ತದೆ. ಅರೆ ಕ್ಲೋವರ್‌ಲೀಫ್ ಎನಿಸುವ ಈ ಮಾದರಿಯನ್ನು ಒಂಟಾರಿಯೊದ ಎಂಜಿನಿಯರುಗಳು 401ನೆಯ ಹೆದ್ದಾರಿಯ ಕೂಡುದಾರಿಗಳಲ್ಲಿ ಪಕ್ವಗೊಳಿಸಿದರು. ಆದರೆ ಕತ್ತರಿಸಿದ ದಳಗಳ ಪಾಲಿನ ಅಡ್ಡತಿರುವುಗಳಿಗೆ ಈಗ ಅಡ್ಡರಸ್ತೆಯ ಮೇಲೆ ಸಿಗ್ನಲ್ ಬೇಕಾಯಿತು. ಯಾವುದನ್ನು ಹೊರದೂಡಲು ಕ್ಲೋವರ್‌ಲೀಫ್ ಹುಟ್ಟಿತೋ ಅದೇ ದೀಪ ಅದರ ತಿದ್ದುಪಡಿಯಾಗಿ ಮರಳಿತು.

ಸಿಗ್ನಲ್ಲನ್ನು ಒಪ್ಪಿಕೊಂಡ ಮೇಲೆ ಅತ್ಯಂತ ಸರಳ ಆಕಾರವಾದ ವಜ್ರಕ್ಕೆ ಹೊಸ ಮಹತ್ವ ಬಂದಿತು. ಹೆದ್ದಾರಿಯ ನಾಲ್ಕು ಮೂಲೆಗಳಿಂದ ನಾಲ್ಕು ನೇರ ರ‍್ಯಾಂಪ್‌ಗಳು ಹೊರಟು ಸೇತುವೆಯ ಎರಡು ತುದಿಗಳಲ್ಲಿ ಅಡ್ಡರಸ್ತೆಯನ್ನು ಮುಟ್ಟುವ ಈ ಮಾದರಿಗೆ ಕಡಿಮೆ ನೆಲ, ಕಡಿಮೆ ಹಣ ಸಾಕು. ಹೆದ್ದಾರಿಯಲ್ಲಿ ನೇರ ಸಾಗುವವರಿಗೆ ಯಾವ ಅಡ್ಡಿಯೂ ಇಲ್ಲ. ಅಡ್ಡಿಯೆಲ್ಲ ಅಡ್ಡರಸ್ತೆಯ ಎರಡು ಸಿಗ್ನಲ್‌ಗಳ ಪಾಲಿಗೆ ಬರುತ್ತದೆ. ಅಡ್ಡತಿರುವಿನ ವಾಹನಗಳು ಎರಡು ದೀಪಗಳ ನಡುವಿನ ಸೇತುವೆಯ ಮೇಲೆ ಸಾಲುಗಟ್ಟುತ್ತವೆ, ಸಾಲು ಉದ್ದವಾದರೆ ಹಿಂದಿನ ದೀಪವನ್ನು ಕಟ್ಟಿಹಾಕುತ್ತವೆ. ರ‍್ಯಾಂಪ್ ತುಂಬಿ ಸಾಲು ಹೆದ್ದಾರಿಗೇ ಇಳಿದರೆ ಅಪಾಯ. ಫ್ಲಾರಿಡದ ಕ್ಲಿಯರ್‌ವಾಟರ್ ನಗರದಲ್ಲಿ 1974ರಲ್ಲಿ ತೆರೆದ ಇಂಟರ್‌ಚೇಂಜಿನಲ್ಲಿ ಎರಡು ಸಿಗ್ನಲ್‌ಗಳನ್ನು ನಡುವಿಗೆ ಎಳೆದು ಒಂದಾಗಿಸಲಾಯಿತು. ಏಕಬಿಂದು ಮಾದರಿ ಎಂಬ ಹೆಸರಿನ ಈ ವಿನ್ಯಾಸದಲ್ಲಿ ಎದುರುಬದುರಿನ ಎರಡು ಅಡ್ಡತಿರುವುಗಳು ಒಂದೇ ಹಸಿರಿನಲ್ಲಿ ಒಂದನ್ನೊಂದು ಮುಟ್ಟದೆ ಸಾಗಬಲ್ಲವು. ಆದರೆ ಕೂಡುವ ಅಂಗಳ ವಿಶಾಲವಾದುದರಿಂದ ಅದನ್ನು ಖಾಲಿಮಾಡಲು ಪ್ರತಿ ಸರದಿಯ ಕೊನೆಯಲ್ಲಿ ಹೆಚ್ಚು ಸೆಕೆಂಡುಗಳನ್ನು ಬಿಡಬೇಕಾಗುತ್ತದೆ, ಅದರ ಮೇಲೆ ಹಾಯುವ ಅಥವಾ ಅದನ್ನು ಹೊರುವ ಸೇತುವೆ ದುಬಾರಿಯಾಗುತ್ತದೆ.

ಇಲ್ಲಿ ವೆಬ್‌ಸ್ಟರನ ಸೂತ್ರದ ಒಂದು ಲೆಕ್ಕ ಉಪಯುಕ್ತವಾದೀತು. ದೀಪ ಬದಲಾದಾಗಲೆಲ್ಲ ಹೊರಡುವ ಮತ್ತು ನಿಲ್ಲುವ ಗೊಂದಲದಲ್ಲಿ ಸುಮಾರು 4 ಸೆಕೆಂಡು ಯಾರಿಗೂ ದಕ್ಕದೆ ಹೋಗುತ್ತದೆ. ಮೂರು ಸರದಿಗಳ ಸಿಗ್ನಲ್ಲಿನಲ್ಲಿ ಹೀಗೆ 12 ಸೆಕೆಂಡು, ಎರಡು ಸರದಿಗಳದರಲ್ಲಿ 8 ಸೆಕೆಂಡು ವ್ಯರ್ಥ. ಈ ವ್ಯರ್ಥಕಾಲದ ಒಂದೂವರೆ ಪಟ್ಟಿಗೆ 5 ಸೆಕೆಂಡು ಕೂಡಿಸಿ, ಬಂದ ಮೊತ್ತವನ್ನು ರಸ್ತೆಯ ಸಾಮರ್ಥ್ಯದಲ್ಲಿ ಬಳಕೆಯಾಗದೆ ಉಳಿದ ಪಾಲಿನಿಂದ ಭಾಗಿಸಿದರೆ ವಿಳಂಬವನ್ನು ಕನಿಷ್ಠಗೊಳಿಸುವ ಸುತ್ತಿನ ಅವಧಿ ಸಿಗುತ್ತದೆ. ಸಾಮರ್ಥ್ಯದ ಶೇಕಡ 60 ಬಳಕೆಯಾಗುತ್ತಿದೆ ಎಂದಿಟ್ಟುಕೊಂಡರೆ ಮೂರು ಸರದಿಗಳಿಗೆ ಸುಮಾರು 58 ಸೆಕೆಂಡಿನ ಸುತ್ತು ಬೇಕು, ಎರಡೇ ಸರದಿಗಳಿಗೆ ಸುಮಾರು 43 ಸೆಕೆಂಡು ಸಾಕು. ಸುತ್ತು ಚಿಕ್ಕದಾದರೆ ಕೆಂಪಿನ ಮುಂದೆ ನಿಲ್ಲುವ ಅವಧಿಯೂ ಚಿಕ್ಕದು. ಸಿಗ್ನಲ್ಲನ್ನು ತೆಗೆಯಲಾಗದಿದ್ದರೆ ಅದರ ಸರದಿಗಳನ್ನಾದರೂ ಕಡಿಮೆ ಮಾಡಬೇಕೆಂಬ ಮುಂದಿನ ಹೆಜ್ಜೆ ಈ ಅಂಕಗಣಿತದಲ್ಲಿಯೇ ಅಡಕವಾಗಿತ್ತು.

ಆ ಹೆಜ್ಜೆಯನ್ನು ಅಮೆರಿಕದಲ್ಲಿ ಮೊದಲು ಯೋಚಿಸಿದವರು ಹೇಲ್‌ನ ರಾಜ್ಯವಾದ ಮೇರಿಲ್ಯಾಂಡಿನವರೇ ಎಂಬುದು ಚರಿತ್ರೆಯ ಒಂದು ಸೊಗಸಾದ ಕಾಕತಾಳೀಯ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಗಿಲ್ಬರ್ಟ್ ಶ್ಲೆವಿಕಿ ರೂಪಿಸಿ 2003ರಲ್ಲಿ ಪ್ರಬಂಧವಾಗಿ ಮಂಡಿಸಿದ ವಿನ್ಯಾಸಕ್ಕೆ ಬದಿ ಬದಲಿಸುವ ವಜ್ರ ಎನ್ನಬಹುದು. ಅಡ್ಡರಸ್ತೆಯ ವಾಹನಗಳು ಸೇತುವೆಯ ಈಚಿನ ಸಿಗ್ನಲ್ಲಿನಲ್ಲಿ ಎದುರಿನ ಹರಿವಿನೊಂದಿಗೆ ಬದಿಯನ್ನು ಅದಲುಬದಲು ಮಾಡಿಕೊಂಡು, ಬಲಬದಿಯ ದೇಶದಲ್ಲಿ ಸೇತುವೆಯನ್ನು ಎಡಬದಿಯಲ್ಲಿ ದಾಟಿ, ಆಚೆಯ ಸಿಗ್ನಲ್ಲಿನಲ್ಲಿ ತಮ್ಮ ಬದಿಗೆ ಮರಳುತ್ತವೆ. ಸೇತುವೆಯ ಮೇಲೆ ಎಡಬದಿಯಲ್ಲಿರುವವನಿಗೆ ಎಡಕ್ಕೆ ಹೆದ್ದಾರಿಗೆ ಇಳಿಯಲು ಎದುರಿನಿಂದ ಯಾರೂ ಅಡ್ಡಬರುವುದಿಲ್ಲ. ಅಡ್ಡತಿರುವು ಅಡ್ಡತಿರುವಾಗಿಯೇ ಉಳಿಯುವುದಿಲ್ಲ. ಪ್ರತಿ ಸಿಗ್ನಲ್ಲಿಗೆ ಎರಡೇ ಸರದಿ. ಫ್ರಾನ್ಸಿನ ವೆರ್ಸೈ ಪಟ್ಟಣದಲ್ಲಿ ಇಂತಹದೇ ರಚನೆ 1970ರ ದಶಕದಿಂದಲೂ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ವಾಹನವನ್ನು ತಪ್ಪು ಬದಿಗೆ ಕಳುಹಿಸಿದರೆ ಚಾಲಕರು ಗಲಿಬಿಲಿಗೊಳ್ಳುವರೇ ಎಂಬ ಅಳುಕನ್ನು ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತದ ಪ್ರಯೋಗಾಲಯದಲ್ಲಿ ಚಾಲನಾ ಅನುಕರಣ ಯಂತ್ರದ ಮೂಲಕ ಪರೀಕ್ಷಿಸಲಾಯಿತು. ಕೊನೆಗೆ 2009ರಲ್ಲಿ ಮಿಸೂರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹಳೆಯ ಸೇತುವೆಯನ್ನೇ ಉಳಿಸಿಕೊಂಡು ಅಮೆರಿಕದ ಮೊದಲ ಇಂತಹ ಕೂಡುದಾರಿ ತೆರೆಯಿತು. ಈಗ ಆ ದೇಶದಲ್ಲಿ ಇವುಗಳ ಸಂಖ್ಯೆ ನೂರನ್ನು ದಾಟಿದೆ.

ಇದಕ್ಕೂ ತೆರಬೇಕಾದ ಬೆಲೆಯಿದೆ. ಅಡ್ಡರಸ್ತೆಯಲ್ಲಿ ನೇರವಾಗಿ ಸಾಗುವವನು ಎರಡು ಬಾರಿ ಬದಿ ದಾಟಬೇಕು; ಎರಡು ದಿಕ್ಕುಗಳಿಗೂ ಒಟ್ಟಿಗೆ ಹಸಿರು ಕೊಡಲಾಗದುದರಿಂದ ಒಂದು ದಿಕ್ಕಿನವರು ಎರಡೆರಡು ಕಡೆ ನಿಲ್ಲುವ ಸಾಧ್ಯತೆಯಿದೆ. ಹೆದ್ದಾರಿಯಿಂದ ಇಳಿದು ಎದುರಿನ ರ‍್ಯಾಂಪನ್ನು ನೇರವಾಗಿ ಹತ್ತಲು ಇಲ್ಲಿ ಬರುವುದಿಲ್ಲ. ಪಾದಚಾರಿಗಳನ್ನು ಹಲವೆಡೆ ರಸ್ತೆಯ ನಡುವಿನ ಗೋಡೆಗಳ ಮಧ್ಯೆ ನಡೆಸಬೇಕಾಗುತ್ತದೆ. ಆದುದರಿಂದ ವಿನ್ಯಾಸಗಳ ತುಲನೆ ಎಂದರೆ ಯಾವುದು ಶ್ರೇಷ್ಠವೆಂಬ ಪಂದ್ಯವಾಗದೆ ಯಾವ ದಿಕ್ಕಿನ ಹರಿವು ಎಷ್ಟೆಂಬ ಲೆಕ್ಕವಾಗುತ್ತದೆ. ಸಂಚಾರ ಹಗುರವಾಗಿರುವ ಕಡೆ ಸಾಮಾನ್ಯ ವಜ್ರವೇ ಸಾಕು. ಅಡ್ಡತಿರುವು ಭಾರವಾಗಿದ್ದು ನೇರ ಸಂಚಾರ ಮಿತವಾಗಿದ್ದರೆ ಬದಿ ಬದಲಿಸುವ ವಜ್ರ. ನೆಲ ದೊರೆಯುವಲ್ಲಿ ಅರೆ ಕ್ಲೋವರ್‌ಲೀಫ್. ಎರಡೂ ರಸ್ತೆಗಳು ನಿಲ್ಲಬಾರದ ಹೆದ್ದಾರಿಗಳೇ ಆಗಿದ್ದು ಎಲ್ಲ ದಿಕ್ಕುಗಳೂ ತುಂಬಿದ್ದರೆ ದುಬಾರಿಯಾದರೂ ಅಟ್ಟಣಿಗೆ.

ಈ ಚರಿತ್ರೆಯ ಪಾಠಗಳು ದಕ್ಷಿಣ ಭಾರತಕ್ಕೆ ತಡವಾಗಿ, ಒಟ್ಟೊಟ್ಟಿಗೆ ಬಂದವು. ಚೆನ್ನೈನ ಕತ್ತಿಪಾರದ ಕ್ಲೋವರ್‌ಲೀಫ್ ಸಂಚಾರಕ್ಕೆ ತೆರೆದದ್ದು 2008ರಲ್ಲಿ. ಬೆಂಗಳೂರಿನಲ್ಲಿ ಹೊರವರ್ತುಲ ರಸ್ತೆಯೂ ಬಳ್ಳಾರಿ ರಸ್ತೆಯೂ ಸೇರುವ ಹೆಬ್ಬಾಳದ ಮೇಲ್ಸೇತುವೆ ತನ್ನ ಕುಣಿಕೆಗಳೊಂದಿಗೆ 2003ರಲ್ಲಿ ಬಳಕೆಗೆ ಬಂದಿತು. ಐದು ವರ್ಷಗಳಲ್ಲಿ, 2008ರ ಮೇ ತಿಂಗಳಲ್ಲಿ, ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ಆರಂಭವಾದ ಮೇಲೆ ಅದರ ಮೇಲಿನ ಹರಿವಿನ ಸ್ವರೂಪವೇ ಬದಲಾಯಿತು. ಕೆ.ಆರ್. ಪುರದ ಕಡೆಯಿಂದ ನಗರದತ್ತ ಬರುವವರು ಬಳ್ಳಾರಿ ರಸ್ತೆಯ ತುಂಬಿದ ಹರಿವಿನೊಳಕ್ಕೆ ಕೂಡಿಕೊಳ್ಳುವ ಜಾಗದಲ್ಲಿ ಮುಂಜಾನೆಯ ಸಾಲುಗಳು ಬೆಳೆಯತೊಡಗಿದವು, ಅವನ್ನು ಬಿಡಿಸಲು ಹೆಚ್ಚುವರಿ ರ‍್ಯಾಂಪ್‌ಗಳ ನಿರ್ಮಾಣವನ್ನು ಕೈಗೊಳ್ಳಬೇಕಾಯಿತು. ಕತ್ತರಿಸುವ ಬಿಂದುಗಳಿಲ್ಲದ ಕಡೆ ಕೂಡುವ ಬಿಂದುವೇ ಇಕ್ಕಟ್ಟಾಗುವ ಈ ಪರಿಯನ್ನು ಅಮೆರಿಕದ ನಾಲ್ಕೆಲೆಯ ಕೂಡುದಾರಿಗಳು ಅರ್ಧ ಶತಮಾನದ ಹಿಂದೆಯೇ ಕಂಡಿದ್ದವು.

ಆ ನಾಲ್ಕೆಲೆಗಳಲ್ಲಿ ಮೊದಲನೆಯದಾದ ವುಡ್‌ಬ್ರಿಜ್‌ನ ಕ್ಲೋವರ್‌ಲೀಫ್ ಈಗ ಉಳಿದಿಲ್ಲ. ಎಂಟು ದಶಕಗಳ ಸೇವೆಯ ಅಂಚಿಗೆ ಬಂದು, ಈ ಶತಮಾನದ ಮೊದಲ ದಶಕದ ಕೊನೆಯ ವೇಳೆಗೆ ಅದರ ಕುಣಿಕೆಗಳನ್ನು ತೆಗೆದುಹಾಕಿ ಅಲ್ಲಿ ವಜ್ರಾಕೃತಿಯ ಕೂಡುದಾರಿಯನ್ನು ಕಟ್ಟಲಾಯಿತು. ಸ್ಟಾಕ್‌ಹೋಮಿನ ಸ್ಲುಸ್ಸನ್ನಿನದನ್ನು 2016ರಿಂದ ಕೆಡವಲು ಆರಂಭಿಸಲಾಯಿತು. 1929ರಲ್ಲಿ ವುಡ್‌ಬ್ರಿಜ್‌ನಲ್ಲಿ ಎಡಕ್ಕೆ ಹೋಗಬೇಕಾದ ಚಾಲಕ ನಿಲ್ಲದೆ ಬಲಕ್ಕೆ ಸುತ್ತುತ್ತಿದ್ದನು. ಇಂದು ಅದೇ ಜಾಗದಲ್ಲಿ ಅವನು ಎಡಕ್ಕೇ ತಿರುಗುತ್ತಾನೆ, ಅದಕ್ಕಾಗಿ ಎದುರಿನ ಹರಿವು ತೆರವಾಗುವ ತನಕ ಕೆಲವು ಕ್ಷಣ ಕಾಯುತ್ತಾನೆ, ಅವನ ಆ ಕಾಯುವಿಕೆಯ ಬಲದಿಂದ ಕೆಳಗಿನ ಹೆದ್ದಾರಿಯಲ್ಲಿ ಹೆಣಿಗೆಯಿಲ್ಲದೆ ಉಳಿದವರು ಸಾಗುತ್ತಾರೆ.